ಹಗುರಾಗಲು ಹೊರಟ ಫಕೀರವ್ವ

ಕಪ್ಪತಗುಡ್ಡದ ಗಾಳಿಗಟ್ಟೆ,
ಹೊಸ ಎಣಿಕೆಯ ನೂರ ಎಂಬತ್ತೊಂದನೆಯ ವರ್ಷ, ನಡುಮಾಸದ ಮೂವತ್ತನಾಲ್ಕನೆಯ ದಿನ

ನಮಗಿಂತ ಬಹಳ ಹಿಂದೆ ಬದುಕುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಮಳೆಗಾಲ ಎರಡಾಗಿ ಒಡೆದ ಮೇಲೆ ನಡುವಿನ ಒಣ ದಿನಗಳನ್ನು ಯಾವ ತಿಂಗಳಿಗೆ ಸೇರಿಸಬೇಕೆಂದು ತಿಳಿಯದೆ ನಮ್ಮ ಹಿಂದಿನವರು ಅದನ್ನೇ ಒಂದು ತಿಂಗಳು ಮಾಡಿಕೊಂಡರು. ಅದೇ ನಡುಮಾಸ. ಇದರಂತೆಯೇ ನನ್ನ ಮಾತಿನಲ್ಲಿ ನಿಮಗೆ ಹೊಸದೆನಿಸುವ ಪದಗಳು ಹಲವು ಬರುತ್ತವೆ. ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕನ್ನಡವನ್ನು ಓದಿ, ಕೇಳಿ ಕಲಿತಿದ್ದೇನೆ. ಆದರೂ ನಾಲಿಗೆ ನಮ್ಮ ಕಾಲದ್ದೇ. ತಿಳಿಯದ ಪದ ಬಂದಲ್ಲಿ ಅರ್ಥವನ್ನೂ ಜೊತೆಗೇ ಹೇಳಲು ಪ್ರಯತ್ನಿಸುತ್ತೇನೆ.

ನಾನು ಅಂದಾನಪ್ಪ. ಬೆಟಗೇರಿಯ ಮಗ್ಗದ ಮನೆತನದವನು, ತೇಲುದೋಣಿಗಳ ಮೈಬಟ್ಟೆ ನೇಯುತ್ತೇನೆ. ತೇಲುದೋಣಿ ಎಂದರೆ ಹಗುರ ಗಾಳಿ ತುಂಬಿದ ದೊಡ್ಡ ಬಟ್ಟೆಯ ಚೀಲದ ಕೆಳಗೆ ತೂಗುವ ಬುಟ್ಟಿ. ಅದರಲ್ಲಿ ಐದಾರು ಜನ ಕುಳಿತು ಆಕಾಶದಲ್ಲಿ ಸಾಗುತ್ತಾರೆ. ನಿಮ್ಮ ಹೆದ್ದಾರಿಗಳಲ್ಲಿ ಬಹುಪಾಲು ಈಗ ನೀರಿನಡಿ ಇವೆ, ಇಲ್ಲವೇ ಜಾಲಿಯ ಕೆಳಗೆ ಇವೆ. ದೂರದ ಊರುಗಳಿಗೆ ಬೀಜ, ಔಷಧಿ, ಕನ್ನಡಕ, ಹೆರಿಗೆ ಮಾಡಿಸುವವರು, ಎಲ್ಲವೂ ಹೋಗುವುದು ಮೇಲ್ದಾರಿಯಲ್ಲಿ, ಅಂದರೆ ಆಕಾಶದ ಹಾದಿಯಲ್ಲಿ. ಕಪ್ಪತಗುಡ್ಡದ ನೆತ್ತಿಯ ಮೇಲೆ ದೋಣಿಗಳು ಬಂದು ನಿಲ್ಲುವ ಕಟ್ಟೆಯಿದೆ. ಅದಕ್ಕೆ ಗಾಳಿಗಟ್ಟೆ ಎನ್ನುತ್ತೇವೆ. ನಮ್ಮ ಓಣಿಗಳೆಲ್ಲ ಅದರ ಸುತ್ತಲೇ ಇವೆ. ಬೆಳಿಗ್ಗೆ ಗಾಳಿಯಂತ್ರಗಳ ರೆಕ್ಕೆಯ ನೆರಳು ಅಂಗಳದ ಮೇಲೆ ಹಾದುಹೋಗುತ್ತದೆ. ಮಧ್ಯಾಹ್ನ ಓಣಿಯವರೆಲ್ಲ ಒಂದೇ ಚಪ್ಪರದಲ್ಲಿ ಸಾಲಾಗಿ ಕುಳಿತು ಉಣ್ಣುತ್ತೇವೆ. ಅದು ಸಾಲೂಟ. ಬರಗಾಲದ ವರ್ಷಗಳಲ್ಲಿ ಇದ್ದುದನ್ನು ಹಂಚಿಕೊಂಡು ತಿನ್ನಲು ಶುರುವಾದದ್ದು ಈಗ ರೂಢಿಯಾಗಿದೆ. ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಮಜ್ಜಿಗೆ ಮಾತ್ರ ನಿಮ್ಮ ಕಾಲದವೇ. ಅವುಗಳ ಹೆಸರೂ ಬದಲಾಗಿಲ್ಲ.

ಫಕೀರವ್ವ ನನ್ನ ಹೆಂಡತಿ. ಗಾಳಿಗಟ್ಟೆಯಲ್ಲಿ ಅವಳು ಹಗ್ಗದಾಳು. ದೋಣಿ ಇಳಿಯುವಾಗ ಮೇಲಿನಿಂದ ಬಿಡುವ ಹಗ್ಗವನ್ನು ಹಿಡಿದು, ಗಾಳಿಯ ಎಳೆತಕ್ಕೆ ಜಗ್ಗದೆ ನಿಂತು, ಗೂಟಕ್ಕೆ ಸುತ್ತುವುದು ಅವಳ ಕೆಲಸ. ಮದುವೆಗೆ ಮುಂಚೆಯಿಂದಲೂ ಅದನ್ನೇ ಮಾಡುತ್ತಿದ್ದಳು. ಅಗಲ ಭುಜದ, ಗಟ್ಟಿ ಹಿಡಿತದ ಹೆಣ್ಣು. ಮಗಳು ಹುಟ್ಟಿದ ಮೇಲೆ, ಆಮೇಲೊಮ್ಮೆ ಮೊಣಕಾಲು ಉಳುಕಿ ಬಹಳ ಕಾಲ ಕುಳಿತ ಮೇಲೆ, ಮೈ ಬೆಳೆದಿತ್ತು. ಅದನ್ನು ನಮ್ಮಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ಆದರೆ ಅವಳಿಗೊಂದು ಆಸೆಯಿತ್ತು. ಇಷ್ಟು ವರ್ಷ ಕೆಳಗೆ ನಿಂತು ಹಗ್ಗ ಹಿಡಿದಿದ್ದಳು. ಒಮ್ಮೆ ಆ ಹಗ್ಗದ ಮೇಲಿನ ತುದಿಯಲ್ಲಿ ತಾನಿರಬೇಕು ಎಂಬುದು. ಹಿಂದಿನ ಮಳೆಗಾಲದಲ್ಲಿ ಒಂದು ದೋಣಿಯ ಹಗ್ಗ ದಾರಿಯಲ್ಲೇ ಹರಿದು, ಅದನ್ನು ಹೆಣೆಯಲು ಬರುವವರು ಮೇಲೆ ಯಾರೂ ಇಲ್ಲದೆ, ಔಷಧಿ ತಲುಪುವುದು ತಡವಾಗಿತ್ತು. ಅದರಿಂದ ಆ ಊರಿನಲ್ಲಿ ಇಬ್ಬರು ಬಾಣಂತಿಯರು ತೀರಿಕೊಂಡರು. ಆ ಸುದ್ದಿ ಬಂದ ದಿನದಿಂದ ಅವಳ ಆಸೆ ಹಟವಾಯಿತು.

ದೋಣಿಯಲ್ಲಿ ಜನರ ತೂಕಕ್ಕೆ ಒಂದು ಮಿತಿಯಿದೆ. ಅದಕ್ಕೆ ನಾವು ಗೆರೆ ಎನ್ನುತ್ತೇವೆ. ಗೆರೆ ಯಾರ ಚಂದಕ್ಕಾಗಿಯೂ ಇಲ್ಲ. ಆಳಿನ ತೂಕ ಹೆಚ್ಚಿದಷ್ಟು ಬೀಜದ ಮೂಟೆ ಕಡಿಮೆಯಾಗುತ್ತದೆ. ಫಕೀರವ್ವ ಗೆರೆಗಿಂತ ಬಹಳ ಮೇಲಿದ್ದಳು. ದೋಣಿಗಳ ಹಿರಿಯ ಚಾಲಕ ಕೊಟ್ರೇಶ ಅವಳ ಕೆಲಸವನ್ನು ಬಲ್ಲವನು. ಮೇಲೆ ಬರುವುದಾದರೆ ತನಗೆ ಸಂತೋಷವೆಂದ. ಕಾರ್ತಿಕದಲ್ಲಿ ಆಯ್ಕೆಯಿದೆ, ಆಗದಿದ್ದರೆ ಮುಂದಿನ ವರ್ಷವೂ ಇದೆ, ಅವಸರ ಬೇಡ ಎಂದೂ ಹೇಳಿದ. ಅವಳ ಕಿವಿಗೆ ಬಿದ್ದದ್ದು ಕಾರ್ತಿಕ ಎಂಬ ಒಂದೇ ಮಾತು. ಅದಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ.

ನಾನು ನಿಮಗೆ ಬರೆಯುತ್ತಿರುವ ಕಾರಣ ಇಲ್ಲಿಂದ ಶುರುವಾಗುತ್ತದೆ. ನಮ್ಮೂರಿನಲ್ಲಿ ಹಳೆಗನ್ನಡಿ ಎಂಬುದೊಂದು ಇದೆ. ನಿಮ್ಮ ಕಾಲದ ಚಲಿಸುವ ಚಿತ್ರಗಳಲ್ಲಿ ಅಳಿಯದೆ ಉಳಿದವನ್ನು ಆ ಗಾಜಿನ ಗೋಡೆಯ ಮೇಲೆ ತೋರಿಸುತ್ತಾರೆ. ಜನ ಅಲ್ಲಿ ನಿಮ್ಮ ಮದುವೆಗಳನ್ನು, ಬಸ್ಸುಗಳನ್ನು, ಅಡುಗೆಗಳನ್ನು ನೋಡಿ ಬರುತ್ತಾರೆ. ಫಕೀರವ್ವ ಅಲ್ಲಿಗೆ ಹೋಗಿ ತೂಕ ಇಳಿಸುವ ಬಗೆಯನ್ನು ಕೇಳಿದಳು. ಹಳದಿ ಅಂಗಿಯ ಒಬ್ಬ ಹೆಣ್ಣುಮಗಳು ತನ್ನ ಅಡುಗೆಮನೆಯಲ್ಲಿ ನಿಂತು ನಗುತ್ತ ಮಾತನಾಡುವ ಚಿತ್ರ ಸಿಕ್ಕಿತು. ಬರೀ ಮೂರು ವಾರ ಸಾಕು, ನಂಬಿ, ಎಂದಳು ಆಕೆ. ಅನ್ನ ಬೇಡ, ರೊಟ್ಟಿ ಬೇಡ, ಕಾಳೂ ಬೇಡ. ಬಿಸಿನೀರು, ಸೊಪ್ಪು ಬೇಯಿಸಿದ ತಿಳಿ ಇಷ್ಟಿದ್ದರೆ ಸಾಕು ಎಂದಳು. ಹಸಿವಾದರೆ ಅದು ಕೊಬ್ಬು ಕರಗುವ ಸದ್ದೆಂದು ತಿಳಿಯಿರಿ ಎಂದಳು. ಇಷ್ಟು ವರ್ಷ ದಾಟಿ ಬಂದ ಮಾತೆಂಬ ಕಾರಣಕ್ಕೇ ಅದಕ್ಕೊಂದು ತೂಕ ಬಂದಂತಿತ್ತು. ಸುಳ್ಳಾಗಿದ್ದರೆ ಯಾರಾದರೂ ಅಳಿಸಿಹಾಕುತ್ತಿದ್ದರಲ್ಲ ಎಂದು ಫಕೀರವ್ವ ನನಗೆ ಆಮೇಲೆ ಹೇಳಿದಳು.

ಮೊದಲ ವಾರ ತೂಕ ಸರಸರನೆ ಇಳಿಯಿತು. ಅವಳ ಮುಖದಲ್ಲಿ ಗೆಲುವಿತ್ತು. ಅದರಲ್ಲಿ ಬಹುಪಾಲು ಮೈಯ ನೀರು, ಕೊಬ್ಬಲ್ಲ, ಎಂಬುದು ನಮಗೆ ಗೊತ್ತಾದದ್ದು ತಡವಾಗಿ. ಸಾಲೂಟಕ್ಕೆ ಬರುವುದನ್ನು ಬಿಟ್ಟಳು. ಗಟ್ಟೆಯಲ್ಲೇ ತಿಂದೆ ಎಂದು ನಮಗೆ ಹೇಳುವಳು, ಮನೆಯಲ್ಲೇ ತಿಂದು ಬಂದೆ ಎಂದು ಗಟ್ಟೆಯವರಿಗೆ. ಎರಡನೆಯ ವಾರದಲ್ಲಿ ಬಿಸಿಲಿನಲ್ಲೂ ಚಳಿ ಎನ್ನತೊಡಗಿದಳು. ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ಮಗಳು ಈರವ್ವ ಮಡಿಲಿಗೆ ಬಂದರೆ ದೂರ ತಳ್ಳಿ, ಮರುಕ್ಷಣ ಅಳುವಳು. ಫಕೀರವ್ವನ ತಾಯಿ ದೇವಕ್ಕ ನಮ್ಮೊಡನೆಯೇ ಇದ್ದಾಳೆ. ಮಗಳ ಕೆನ್ನೆಯ ಮೂಳೆ ನೋಡಿ, ಇದು ಬರಗಾಲದ ಮುಖ, ಇದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ ಎಂದಳು. ನಾನೂ ಕೇಳಿದೆ, ಒಮ್ಮೆಯಲ್ಲ, ಹಲವು ಸಲ. ಕೊನೆಗೊಂದು ಬೆಳಿಗ್ಗೆ ಅವಳು ಅಂಗಳದ ಗೋಡೆ ಹಿಡಿದು ನಿಂತಿದ್ದಾಗ ನೇರವಾಗಿಯೇ ಹೇಳಿದೆ.

“ನೀ ಉಣ್ಣೂದು ಬಿಟ್ಟೀದಿ ಅಂತ ನನಗ ಗೊತ್ತೈತಿ. ಡಾಕ್ಟರ್ ಬಾಯಿ ಸಬೀಹಾನ ಹತ್ರ ಹೋಗೂಣು ನಡಿ.”

ಅವಳು ನನ್ನ ಮುಖ ನೋಡಲಿಲ್ಲ. “ಇನ್ನ ಸ್ವಲ್ಪ ದಿನ ತಡಿ. ಅಕಿ ನನಗ ಬ್ಯಾಡ ಅಂತಾಳ, ನಾ ಕೇಳೂದಿಲ್ಲ. ಸುಮ್ನ ಯಾಕ ಜಗಳ?”

ಮೂರನೆಯ ವಾರ ಗೆರೆ ಹತ್ತಿರ ಬಂತು, ಆದರೆ ಇಳಿಯುವುದು ನಿಂತುಬಿಟ್ಟಿತು. ದೇಹ ಬರಗಾಲವೆಂದು ತಿಳಿದು ಇದ್ದುದನ್ನು ಹಿಡಿದಿಟ್ಟುಕೊಂಡಿತ್ತು. ಅವಳು ಮೂರು ವಾರಕ್ಕೆ ನಿಲ್ಲಿಸದೆ ಮುಂದುವರಿಸಿದಳು. ಆಯ್ಕೆ ಸಮೀಪಿಸಿದಾಗ ನೀರು ಕುಡಿಯುವುದನ್ನೂ ಬಿಟ್ಟಳು. ಇದು ಹಳೆಗನ್ನಡಿಯ ಹೆಣ್ಣುಮಗಳು ಹೇಳಿದ್ದಲ್ಲ, ಅವಳೇ ಸೇರಿಸಿಕೊಂಡದ್ದು. ಒಂದು ಹಾದಿಯಲ್ಲಿ ಓಡತೊಡಗಿದವರು ಅದರ ಕೊನೆಯನ್ನೂ ದಾಟಿ ಓಡುತ್ತಾರೆ.

ಆಯ್ಕೆಯ ಬೆಳಿಗ್ಗೆ ಗಾಳಿ ಚುರುಕಾಗಿತ್ತು. ಓಣಿಯ ಜನ ಗಟ್ಟೆಯ ಸುತ್ತ ನೆರೆದಿದ್ದರು. ಫಕೀರವ್ವ ತೂಕದ ಕಲ್ಲಿನ ಮೇಲೆ ನಿಂತಳು. ಮುಳ್ಳು ಗೆರೆಯ ಕೆಳಗೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಅವಳು ನಮ್ಮ ಕಡೆ ತಿರುಗಿ ನಕ್ಕಳು. ತುಟಿಗಳು ಒಡೆದಿದ್ದವು. ಮುಂದಿನದು ಹಗ್ಗದ ಪರೀಕ್ಷೆ. ಅದರಲ್ಲಿ ಅವಳನ್ನು ಮೀರಿಸುವವರು ಇಲ್ಲವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರಿಗೂ ಆತಂಕವಿರಲಿಲ್ಲ. ದೋಣಿ ಇಳಿಯುತ್ತ ಬಂತು, ಹಗ್ಗ ಬಿತ್ತು, ಅವಳು ಹಿಡಿದಳು. ಆ ಹಗ್ಗ ಅವಳ ಅಂಗೈಯಲ್ಲಿ ಜಾರಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಅವಳು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಳು, ಮೊಣಕಾಲೂರಿದಳು, ಆಮೇಲೆ ಮಗುಚಿ ಬಿದ್ದಳು. ಬಿಟ್ಟ ಹಗ್ಗದ ಜೊತೆ ದೋಣಿ ಪಕ್ಕಕ್ಕೆ ಬಾಗಿ ಜನರ ಕಡೆ ಸರಿಯಿತು. ಕೊಟ್ರೇಶ ಬುಟ್ಟಿಯಿಂದ ಹಾರಿ ಹಗ್ಗಕ್ಕೆ ಜೋತುಬಿದ್ದು ಅದನ್ನು ಗೂಟಕ್ಕೆ ತಂದ. ಜನ ಉಳಿದರು. ಅವನ ಭುಜದ ಎಲುಬು ಮುರಿಯಿತು.

ನಮ್ಮ ವೈದ್ಯೆ ಸಬೀಹಾ ಮುಲ್ಲಾ ಗಟ್ಟೆಯಲ್ಲೇ ಇದ್ದಳು. ಫಕೀರವ್ವನ ಎದೆಯ ಮೇಲೆ ಕಿವಿಯಿಟ್ಟು ಕೇಳಿದಳು. ಎದೆಬಡಿತ ತಾಳ ತಪ್ಪಿ ಓಡುತ್ತಿದೆ, ನಡುನಡುವೆ ನಿಲ್ಲುತ್ತಿದೆ ಎಂದಳು. ಆಸ್ಪತ್ರೆಗೆ ಹೊತ್ತೊಯ್ದೆವು. ಅಲ್ಲಿ ಅವಳ ಹೃದಯ ಒಮ್ಮೆ ನಿಂತಿತು. ಸಬೀಹಾ ಮತ್ತೆ ನಡೆಸಿದಳು. ಬಾಗಿಲ ಹೊರಗೆ ದೇವಕ್ಕ ನನ್ನ ಕೈ ಹಿಡಿದು ಕುಳಿತಿದ್ದಳು. ಯಾರು ಯಾರನ್ನು ಹಿಡಿದಿದ್ದೇವೆಂಬುದೇ ತಿಳಿಯುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಸಬೀಹಾ ಹೊರಗೆ ಬಂದು ನಮಗೆ ಎಲ್ಲವನ್ನೂ ನಿಧಾನವಾಗಿ ತಿಳಿಸಿದಳು. ಊಟ ಪೂರ್ತಿ ನಿಂತಾಗ ದೇಹ ಕೊಬ್ಬನ್ನಷ್ಟೇ ಉರಿಸುವುದಿಲ್ಲ, ಮಾಂಸಖಂಡವನ್ನೂ ತಿನ್ನುತ್ತದೆ. ತೋಳು, ತೊಡೆ ಸೊರಗಿದಂತೆ ಹೃದಯವೂ ಸೊರಗುತ್ತದೆ, ಅದೂ ಮಾಂಸಖಂಡವೇ. ಎದೆಬಡಿತ ಸರಿಯಾಗಿರಲು ರಕ್ತದಲ್ಲಿ ಇರಬೇಕಾದ ಲವಣಗಳು ತೀರಿಹೋಗಿದ್ದವು. ನೀರನ್ನೂ ಬಿಟ್ಟದ್ದರಿಂದ ಮೂತ್ರಪಿಂಡ ಬಳಲಿತ್ತು. ಪಿತ್ತಕೋಶದಲ್ಲಿ ಕಲ್ಲು ಕಟ್ಟಿತ್ತು. ತೂಕ ಬಹಳ ಬೇಗ ಇಳಿದವರಲ್ಲಿ ಹಾಗಾಗುವುದುಂಟಂತೆ. ಅಷ್ಟರಲ್ಲಿ ದೇವಕ್ಕ ಮನೆಗೆ ಹೋಗಿ ಗೋಧಿ ಹುಗ್ಗಿ ಮಾಡಿಕೊಂಡು ಬಂದಿದ್ದಳು, ಬೆಲ್ಲ, ತುಪ್ಪ ಧಾರಾಳವಾಗಿ ಹಾಕಿ. ಮಗಳಿಗೆ ಕಣ್ಣು ಬಿಟ್ಟ ಕೂಡಲೇ ಉಣಿಸಬೇಕೆಂಬುದೊಂದೇ ಅವಳ ತಲೆಯಲ್ಲಿತ್ತು. ಸಬೀಹಾ ಪಾತ್ರೆಯ ಮೇಲೆ ತನ್ನ ಕೈ ಇಟ್ಟಳು.

“ಅವ್ವಾ, ಈಗ ಇದನ್ನ ಉಣಿಸಿದ್ರ ಅಕಿ ಸಾಯ್ತಾಳ. ಬಾಳ ದಿನ ಉಪಾಸ ಇದ್ದ ಮೈಗೆ ಒಮ್ಮಿಗೇ ಅನ್ನ ಬಿದ್ರ ಎದಿ ತಡಿಯೂದಿಲ್ಲ. ಚಮಚ ಚಮಚದಾಗ ಹೋಗಬೇಕು. ನಾ ಹೇಳೂತನಾ ಕಾಯಿ.”

ತುಂಬಿದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಹಸಿದ ಮಗಳ ಪಕ್ಕದಲ್ಲಿ, ಉಣಿಸಲಾಗದೆ ಕುಳಿತ ಆ ತಾಯಿಯನ್ನು ನಾನು ಮರೆಯಲಾರೆ. ಆ ಹುಗ್ಗಿಯನ್ನು ಕೊನೆಗೆ ಆಸ್ಪತ್ರೆಯ ಅಂಗಳದಲ್ಲಿದ್ದವರಿಗೆ ಹಂಚಿದಳು. ತಾನು ಮುಟ್ಟಲಿಲ್ಲ.

ಫಕೀರವ್ವ ಉಳಿದಳು. ಮನೆಗೆ ಬಂದ ಮೇಲೆ ತೂಕವೂ ಬಂತು, ಕಳೆದದ್ದು ಪೂರ್ತಿ, ಅದರ ಮೇಲೊಂದಿಷ್ಟು. ಮಾಂಸಖಂಡ ಹೋಗಿತ್ತು, ಬಂದದ್ದು ಕೊಬ್ಬು. ಹೀಗಾಗುವುದೇ ಹೆಚ್ಚೆಂದು ಸಬೀಹಾ ಮೊದಲೇ ಎಚ್ಚರಿಸಿದ್ದರೂ ಅವಳಿಗೆ ಅದು ನುಂಗಲಾಗದ ಅವಮಾನವಾಯಿತು. ಬಾಗಿಲು ಹಾಕಿಕೊಂಡು ಕುಳಿತಳು. ಯಾರ ಭುಜ ತನ್ನಿಂದ ಮುರಿಯಿತೋ ಅವನ ಎದುರು ಹೋಗಲಾರೆ ಎಂದಳು. ಕೊನೆಗೆ ಕೊಟ್ರೇಶನೇ ಒಂದು ಮಧ್ಯಾಹ್ನ ಮುರಿದ ಕಡೆಯ ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಕುಳಿತ, ಮಜ್ಜಿಗೆ ಕುಡಿದ. ಬಹಳ ಹೊತ್ತು ಗಾಳಿಯ ಬಗ್ಗೆ, ಮಳೆಯ ಬಗ್ಗೆ ಮಾತನಾಡಿದ. ಅವಳು ತಲೆ ಎತ್ತಲಿಲ್ಲ. ಏಳುವಾಗ ಅವನು ಹೇಳಿದ.

“ನನಗ ಹಗುರ ಆದಾಕಿ ಬ್ಯಾಡವ್ವಾ. ಹಗ್ಗ ಹಿಡಿಯಾಕಿ ಬೇಕು. ಗೆರಿಗೆ ನಿಧಾನಕ್ಕ ಬಾ. ನಾ ಎಲ್ಲಿಗೂ ಹೋಗೂದಿಲ್ಲ.”

ಮಾರನೆಯ ದಿನ ಅವಳೇ ಸಬೀಹಾಳ ಬಳಿಗೆ ಹೋದಳು. ಅಲ್ಲಿಂದ ಶುರುವಾದ ದಿನಗಳಲ್ಲಿ ಕತೆಯಾಗಿ ಹೇಳುವಂಥದ್ದು ಹೆಚ್ಚೇನಿಲ್ಲ. ಬಹುಶಃ ಅದಕ್ಕೇ ನಿಮ್ಮ ಚಿತ್ರಗಳಲ್ಲಿ ಅಂಥ ದಿನಗಳು ಕಾಣುವುದಿಲ್ಲ. ಸಬೀಹಾ ಮೊದಲು ಅವಳಿಂದ ಕೇಳಿಕೊಂಡದ್ದು, ಒಂದು ಹೊತ್ತಿನ ಊಟವನ್ನೂ ಬಿಡುವುದಿಲ್ಲ ಎಂಬ ಮಾತು. ಬೆಳಿಗ್ಗೆ ಏನಾದರೂ ತಿಂದೇ ಕೆಲಸಕ್ಕೆ ಹೋಗಬೇಕು. ತಟ್ಟೆಯಲ್ಲಿ ಅರ್ಧ ಜಾಗ ಪಲ್ಯ, ಸೊಪ್ಪು, ಸೌತೆ, ಮೂಲಂಗಿಗೆ; ಉಳಿದ ಅರ್ಧದಲ್ಲಿ ಒಂದು ಪಾಲು ಕಾಳು ಅಥವಾ ಮೊಟ್ಟೆ, ಇನ್ನೊಂದು ಪಾಲು ರೊಟ್ಟಿ. ರೊಟ್ಟಿ ಬಿಡಬೇಕಾಗಿರಲಿಲ್ಲ, ಮೂರರ ಬದಲು ಒಂದೂವರೆ ಆಯಿತು. ಎಣ್ಣೆ, ಬೆಲ್ಲ ಕಡಿಮೆಯಾದವು. ಹಬ್ಬದ ದಿನ ಹೋಳಿಗೆ ತಪ್ಪಲಿಲ್ಲ. ಬಾಯಾರಿದಾಗಲೆಲ್ಲ ನೀರು. ಮೊಣಕಾಲು ನೋಯದಷ್ಟು ನಡಿಗೆ, ಆಮೇಲೆ ಅರ್ಧ ಗುಡ್ಡ ಇಳಿದು ಹತ್ತುವುದು, ಆಮೇಲೆ ಗುಡ್ಡದ ಬುಡದವರೆಗೆ. ವಾರದಲ್ಲಿ ಎರಡು ಮೂರು ಸಲ ಮರಳಿನ ಚೀಲ ಎತ್ತುವುದು, ಇರುವ ಮಾಂಸಖಂಡ ಕರಗದಿರಲೆಂದು. ಹೊತ್ತಿಗೆ ಸರಿಯಾಗಿ ನಿದ್ದೆ. ತೂಕದ ಕಲ್ಲನ್ನು ದಿನಾ ಹತ್ತಕೂಡದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ಬಹಳ, ಕೆಲವು ವಾರ ಇಳಿಯದಿದ್ದರೂ ಗಾಬರಿ ಬೇಡ ಎಂದಳು ಸಬೀಹಾ. ಇದು ಫಕೀರವ್ವನ ಮೈ ನೋಡಿ ಅವಳಿಗೆಂದು ಹೇಳಿದ್ದು, ಎಲ್ಲರಿಗೂ ಇದೇ ಅಳತೆಯಲ್ಲ, ಎಂದೂ ಸೇರಿಸುತ್ತಿದ್ದಳು.

ಮೊದಲ ದಿನ ಸಾಲೂಟಕ್ಕೆ ಬಂದಾಗ ಫಕೀರವ್ವ ಚಪ್ಪರದ ಬಾಗಿಲಲ್ಲೇ ನಿಂತಿದ್ದಳು. ಎಲ್ಲರೂ ತನ್ನ ತಟ್ಟೆಯನ್ನೇ ನೋಡುತ್ತಾರೆಂಬ ಅಂಜಿಕೆ. ದೇವಕ್ಕ ಸ್ವಲ್ಪ ಸರಿದು ಜಾಗ ಮಾಡಿದಳು. ಉಣ್ಣುವಾಗ ಹಸಿವಿನ ರುಚಿ ಬೇರೆ, ಹಟದ ರುಚಿ ಬೇರೆ ಎಂದು ಫಕೀರವ್ವ ನನಗೆ ಅಂದು ಹೇಳಿದಳು. ಆಮೇಲೆ ಅವಳಿಗಾಗಿ ಮಾಡಿದ ಅಡುಗೆ ನಮ್ಮ ಮನೆಯ ಅಡುಗೆಯೇ ಆಯಿತು. ಒಬ್ಬಳೇ ಬೇರೆ ತಟ್ಟೆಯಲ್ಲಿ ಬೇರೆ ಊಟ ಮಾಡುತ್ತಿದ್ದರೆ ಅದು ನಡೆಯುತ್ತಿರಲಿಲ್ಲವೇನೋ. ನಡುವೆ ಎರಡು ಸಲ ಅವಳು ಎಲ್ಲ ಬಿಟ್ಟಳು. ಒಮ್ಮೆ ಮಗಳ ಜ್ವರದ ಕಾಲದಲ್ಲಿ, ಇನ್ನೊಮ್ಮೆ ಸುಮ್ಮನೆ ಬೇಸರದಿಂದ. ಎರಡು ಸಲವೂ ಸಬೀಹಾ ಬೈಯಲಿಲ್ಲ. ಮುಂದಿನ ಊಟದಿಂದ ಮತ್ತೆ ಶುರು ಮಾಡು ಎಂದಳು ಅಷ್ಟೇ.

ಅವಳು ಚೇತರಿಸಿಕೊಳ್ಳುತ್ತಿದ್ದಾಗ ನಾವಿಬ್ಬರೂ ಹಳೆಗನ್ನಡಿಯ ಹತ್ತಿರ ಮತ್ತೆ ಹೋಗಿದ್ದೆವು. ಆ ಹಳದಿ ಅಂಗಿಯ ಹೆಣ್ಣುಮಗಳು ಮೂರು ವಾರದ ಆಚೆ ಹೇಗಿದ್ದಳು, ತೂಕ ಮತ್ತೆ ಬಂತೇ, ಎದೆ ಚೆನ್ನಾಗಿತ್ತೇ, ನೋಡಬೇಕೆಂದು. ಎಷ್ಟು ಹುಡುಕಿದರೂ ಅವಳ ಬೇರೆ ಚಿತ್ರ ಸಿಗಲಿಲ್ಲ. ಅವಳಂತೆಯೇ ಹೇಳಿದ ಇನ್ನೂ ಹಲವರು ಸಿಕ್ಕರು, ಎಲ್ಲರೂ ನಗುತ್ತಿದ್ದರು, ಯಾರೊಬ್ಬರೂ ಮುಂದಿನ ವರ್ಷದ ತಮ್ಮ ಮುಖ ತೋರಿಸಿರಲಿಲ್ಲ. ಫಕೀರವ್ವನಿಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಅಕಿಗೂ ಚಳಿ ಆಗಿರಬೇಕು, ಎಂದಷ್ಟೇ ಅಂದಳು. ನಿಮ್ಮಲ್ಲಿ ಯಾರಾದರೂ ಇಂಥ ಮಾತನ್ನು ಜಗತ್ತಿಗೆ ಹೇಳಹೊರಟಿದ್ದರೆ, ದಯವಿಟ್ಟು ಒಂದು ವರ್ಷ ಕಾದು ಹೇಳಿ. ನಿಮ್ಮ ಮಾತು ಎಷ್ಟು ದೂರ ಹೋಗುತ್ತದೆಂಬುದು ನಿಮಗೆ ತಿಳಿದಿಲ್ಲ.

ಮುಂದಿನ ಕಾರ್ತಿಕಕ್ಕೆ ಫಕೀರವ್ವ ಗೆರೆ ತಲುಪಲಿಲ್ಲ. ಆಯ್ಕೆಗೆ ನಿಲ್ಲದೆ ಕೆಳಗೆ ನಿಂತು ಬೇರೆಯವರ ಹಗ್ಗ ಹಿಡಿದಳು. ಅವಳ ಅಂಗೈಯಲ್ಲಿ ಹಗ್ಗ ಜಾರಲಿಲ್ಲ. ಅದರ ಮರುವರ್ಷ ತಲುಪಿದಳು. ಕಲ್ಲಿನಿಂದ ಇಳಿದು ನೇರವಾಗಿ ಹಗ್ಗದ ಕಡೆ ನಡೆದಳು. ಜನ ಚಪ್ಪಾಳೆ ತಟ್ಟುವ ಮೊದಲೇ ದೋಣಿ ಗೂಟಕ್ಕೆ ಬಂದಿತ್ತು. ಆದರೆ ಎಲ್ಲವೂ ಮೊದಲಿನಂತಾಯಿತೆಂದು ನಾನು ಬರೆದರೆ ಅದು ಸುಳ್ಳು. ಬಹಳ ಎತ್ತರಕ್ಕೆ ಹೋದಾಗ ಅವಳ ಎದೆ ಈಗಲೂ ಒಮ್ಮೊಮ್ಮೆ ತಾಳ ತಪ್ಪುತ್ತದೆ. ಅದು ಆ ದಿನಗಳ ಗಾಯವೇ, ಮೊದಲಿನಿಂದಲೂ ಇದ್ದುದೇ ಎಂದು ತನಗೆ ಹೇಳಲು ಬಾರದು ಎಂದು ಸಬೀಹಾ ಒಪ್ಪಿಕೊಂಡಳು. ಹೀಗಾಗಿ ಘಟ್ಟ ದಾಟಿ ಕಡಲಿಗೆ ಹೋಗುವ ಎತ್ತರದ ದಾರಿ ಅವಳಿಗೆ ಸಿಗಲಿಲ್ಲ. ತುಂಗಭದ್ರೆಯ ದಂಡೆಯ ಊರುಗಳಿಗೆ ಹೋಗುವ ತಗ್ಗಿನ ದಾರಿಯ ದೋಣಿಯಲ್ಲಿ ಅವಳಿಗೆ ಜಾಗ ಸಿಕ್ಕಿದೆ. ಕಡಲು ನೋಡಬೇಕೆಂದಿದ್ದಳು.

ಹಿರಿಯರೇ, ನಿಮ್ಮ ಕಾಲದಲ್ಲಿ ಜನ ದೋಣಿಗಾಗಿ ಅಲ್ಲದೆ ಮದುವೆಯ ಸೀರೆಗಾಗಿ, ಒಂದು ಫೋಟೋಗಾಗಿ, ಯಾರೋ ಆಡಿದ ಒಂದು ಮಾತಿಗಾಗಿ ಊಟ ಬಿಡುತ್ತಿದ್ದರೆಂದು ಓದಿದ್ದೇನೆ. ಅದನ್ನು ತಿಳಿಯಲು ನನಗೆ ಕಷ್ಟವಾದರೂ ಹಗುರವಾಗಿ ಕಾಣುವುದಿಲ್ಲ. ತೂಕ ಇಳಿಸಬೇಕಾದ ಕಾರಣ ನಿಮಗಿದ್ದರೆ ಇಳಿಸಿ. ಆದರೆ ಬಲ್ಲ ವೈದ್ಯರನ್ನು ಕೇಳಿ, ವರ್ಷಗಟ್ಟಲೆ ನಡೆಯಬಹುದಾದ ಹಾದಿಯಲ್ಲಿ ಇಳಿಸಿ. ಈ ಓಲೆ ನಿಮ್ಮಲ್ಲಿ ಯಾರ ಕೈಗೆ ಸೇರುತ್ತದೋ ನನಗೆ ತಿಳಿಯದು. ಬೆಳಿಗ್ಗೆಯಿಂದ ಏನೂ ತಿನ್ನದೆ, ತಲೆ ಸುತ್ತುತ್ತಿದ್ದರೂ ಯಾರಿಗೂ ಹೇಳದೆ, ಇದನ್ನು ಓದುತ್ತ ಕುಳಿತವರು ಒಬ್ಬರಾದರೂ ಇರಬಹುದು. ನಿಮಗೆ ನಾನು ಯಾರೂ ಅಲ್ಲ, ನಿಮ್ಮನ್ನು ಎಂದೂ ನೋಡಲಾರೆ. ಆದರೂ ಮನೆಯವನಂತೆ ಒಂದು ಮಾತು ಕೇಳುತ್ತೇನೆ. ಓಲೆಯನ್ನು ಇಲ್ಲಿಗೆ ಬಿಡಿ. ಪಕ್ಕದಲ್ಲಿರುವವರನ್ನು ಕರೆಯಿರಿ. ಒಬ್ಬರೇ ಬೇಡ, ಅವರೊಡನೆ ಕುಳಿತು ಸ್ವಲ್ಪ ಉಣ್ಣಿ.

ನಿಮ್ಮ ನಂತರದವನು,
ಅಂದಾನಪ್ಪ